ಉಸಿರು ಕೇಳಿಸುವ ಹಾಡುಗಳು

ಕೇಳುಗರಿಗೆ ನಮಸ್ಕಾರ.

ಇಂಡೀ ಮತ್ತು ಆಲ್ಟರ್ನೇಟಿವ್ ರಾಕ್‌ನಲ್ಲಿ, ಅಂದರೆ ಜನಪ್ರಿಯ ಜಾಡಿನಿಂದ ಆಚೆ ನಿಲ್ಲುವ ಗಿಟಾರ್ ಸಂಗೀತದಲ್ಲಿ, ಈಚೆಗೆ ನನಗೆ ಹಿಡಿಸಿದ ಕೆಲವು ಹಾಡುಗಳ ಬಗ್ಗೆ ಇವತ್ತು ಹೇಳುತ್ತೇನೆ. ಮೊದಲನೆಯದನ್ನು ಕೇಳಿ ಕೆಲವರು ಹೆಡ್‌ಫೋನ್ ಕಿತ್ತಿಟ್ಟರೂ ಆಶ್ಚರ್ಯವಿಲ್ಲ. ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದ ಫಾಂಟೇನ್ಸ್ ಡಿ.ಸಿ. ತಂಡದ ‘ಸ್ಟಾರ್‌ಬರ್ಸ್ಟರ್’. 2024ರ ಹಾಡು. ಗಾಯಕ ಗ್ರಿಯಾನ್ ಚ್ಯಾಟನ್ ಮಾತನ್ನೇ ತಾಳಕ್ಕೆ ಕಟ್ಟಿ ಪಟಪಟನೆ ಉದುರಿಸುತ್ತಾ ಹೋಗುತ್ತಾರೆ. ಪಲ್ಲವಿಗೆ ಬಂದಾಗ, ಮುಳುಗುತ್ತಿದ್ದವನು ನೀರಿನಿಂದ ತಲೆ ಎತ್ತಿದ ಹಾಗೆ, ಗಕ್ಕನೆ ಉಸಿರೆಳೆಯುತ್ತಾರೆ. ಮತ್ತೆ ಮಾತು, ಮತ್ತೆ ಆ ಉಸಿರು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಲ್ಲಿ ಅವರಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಉಸಿರುಗಟ್ಟಿಸುವಂಥ ಭಯ, ಆಗಿತ್ತಂತೆ. ಹಾಡು ಹುಟ್ಟಿದ್ದು ಅದರಿಂದ. ನಡುವೆ ಗದ್ದಲವೆಲ್ಲ ತಗ್ಗಿ ತೇಲುವಂಥದೊಂದು ರಾಗ ಬರುತ್ತದೆ. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಹಳೆಯ ಧಾವಂತ ಮತ್ತೆ ಮೈಮೇಲೆ ಬೀಳುತ್ತದೆ.

ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಹಾಡುಗಾರರ ಉಸಿರಿನ ಸದ್ದನ್ನು ತಗ್ಗಿಸುತ್ತಾರೆ, ಇಲ್ಲವೇ ಅಳಿಸಿಯೇ ಬಿಡುತ್ತಾರೆ. ತಪ್ಪಿದ ಸ್ವರವನ್ನು ಸಾಫ್ಟ್‌ವೇರ್ ಸರಿಮಾಡುತ್ತದೆ, ಜಾರಿದ ಡ್ರಮ್ ಪೆಟ್ಟನ್ನು ಗೆರೆಗೆ ತಂದು ಕೂರಿಸುತ್ತದೆ. ತಪ್ಪೇನಿಲ್ಲ. ಆದರೆ ಎಲ್ಲ ಹಾಡೂ ಅಷ್ಟೇ ನುಣುಪಾದರೆ ಕಿವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದಕ್ಕೇ ನಾನು ಆರಿಸಿಕೊಂಡವೆಲ್ಲ ಎಲ್ಲೋ ಒಂದು ಕಡೆ ಒರಟನ್ನು ಹಾಗೇ ಉಳಿಸಿಕೊಂಡವು.

ಗೀಸ್ ಎಂಬ ತಂಡವನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನವರು, ಶಾಲೆಯ ದಿನಗಳಲ್ಲೇ ಜೊತೆಯಾದವರು. 2025ರ ಸೆಪ್ಟೆಂಬರ್‌ನಲ್ಲಿ ಬಂದ ‘ಗೆಟಿಂಗ್ ಕಿಲ್ಡ್’ ಆಲ್ಬಮ್‌ನಲ್ಲಿ ‘ಟ್ಯಾಕ್ಸಸ್’ ಅಂತ ಒಂದು ಹಾಡಿದೆ. ಮೊದಲ ಅರ್ಧದಲ್ಲಿ ಡ್ರಮ್ಮು ಮತ್ತು ತಾಳವಾದ್ಯಗಳದೇ ಕಾರುಬಾರು. ಅದರ ಮೇಲೆ ಕ್ಯಾಮರನ್ ವಿಂಟರ್ ಅವರ ಭಾರವಾದ, ಸ್ವಲ್ಪ ಎಡವುವ ದನಿ. ತೆರಿಗೆ ಬೇಕಿದ್ದರೆ ಶಿಲುಬೆ ಹೊತ್ತು ತಂದು ನನ್ನನ್ನು ಅದಕ್ಕೆ ಮೊಳೆ ಹೊಡೆಯಿರಿ ಎನ್ನುವ ಅರ್ಥದ ಸಾಲು ಬರುತ್ತದೆ. ಆಮೇಲೆ ಗಿಟಾರುಗಳು ಒಮ್ಮೆಗೇ ಬೆಳಕಿನಂತೆ ತೆರೆದುಕೊಳ್ಳುತ್ತವೆ. ಅಷ್ಟು ಹೊತ್ತು ತಡೆದು ಹಿಡಿದಿದ್ದಕ್ಕೇ ಆ ಗಳಿಗೆಗೆ ಅಷ್ಟು ಬೆಲೆ. ಈ ಆಲ್ಬಮ್ಮನ್ನು ತಂಡದ ಜೊತೆ ಸೇರಿ ರೂಪಿಸಿದವರು ಕೆನ್ನಿ ಬೀಟ್ಸ್, ಹಿಪ್‌ಹಾಪ್‌ನಲ್ಲಿ ಹೆಸರು ಮಾಡಿದವರು. ತಾಳಕ್ಕೆ ಇಷ್ಟು ಜಾಗ ಸಿಕ್ಕಿದ್ದರಲ್ಲಿ ಅವರ ಕೈವಾಡವೂ ಇದೆಯೆಂದು ನನ್ನ ಗುಮಾನಿ. ವಿಂಟರ್ ದನಿ ಮೊದಲ ಸಲಕ್ಕೇ ಎಲ್ಲರಿಗೂ ಒಗ್ಗುವಂಥದಲ್ಲ. ಎರಡನೆಯ ಸಲವೂ ಒಗ್ಗದಿದ್ದರೆ ಬಿಟ್ಟುಬಿಡಿ, ಬಲವಂತವೇನಿಲ್ಲ.

ಇಷ್ಟು ಗಲಾಟೆ ಬೇಡ ಅನ್ನುವವರಿಗೆ ಎಂ. ಜೆ. ಲೆಂಡರ್‌ಮನ್ ಇದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಆ್ಯಶ್‌ವಿಲ್‌ನವರು. ‘ಶೀಸ್ ಲೀವಿಂಗ್ ಯೂ’ 2024ರ ‘ಮ್ಯಾನಿಂಗ್ ಫೈರ್‌ವರ್ಕ್ಸ್’ ಆಲ್ಬಮ್‌ನಲ್ಲಿದೆ. ಹೆಂಡತಿ ಬಿಟ್ಟುಹೋಗುತ್ತಿದ್ದಾಳೆ, ನಡುವಯಸ್ಸಿನ ಗಂಡಸು ಬಾಡಿಗೆಗೆ ಫೆರಾರಿ ಕಾರು ತಂದು ದುಃಖದ ಬ್ಲೂಸ್ ಹಾಡಿಕೊಳ್ಳಬಹುದು, ಹೋಗುವವಳು ಮಾತ್ರ ನಿಲ್ಲುವುದಿಲ್ಲ. ಲೆಂಡರ್‌ಮನ್ ಅವನನ್ನು ಗೇಲಿಯೂ ಮಾಡುತ್ತಾರೆ, ಪಾಪ ಅನ್ನಿಸುವ ಹಾಗೂ ಮಾಡುತ್ತಾರೆ. ದನಿಯಲ್ಲಿ ಒಂದಿಷ್ಟೂ ಅವಸರವಿಲ್ಲ. ಹೇಳದೆ ಉಳಿದದ್ದನ್ನೆಲ್ಲ ಗಿಟಾರ್ ಹೇಳುತ್ತದೆ. ನನ್ನ ಪಟ್ಟಿಯಲ್ಲಿ ಒಂದನ್ನೇ ಕೇಳುವುದಾದರೆ ಇದನ್ನೇ ಕೇಳಿ.

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ವೆಟ್ ಲೆಗ್ ತಂಡಕ್ಕೆ ಹೆಚ್ಚು ಪರಿಚಯ ಬೇಕಿಲ್ಲ, 2023ರಲ್ಲೇ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದವರು. 2025ರ ‘ಕ್ಯಾಚ್ ದೀಸ್ ಫಿಸ್ಟ್ಸ್’ನಲ್ಲಿ ಮೈಮೇಲೆ ಬೀಳುವ ಗಂಡಸಿಗೆ ಮುಷ್ಟಿ ತೋರಿಸುತ್ತಾರೆ. ಕುಣಿಯಬಹುದು, ನಗಲೂಬಹುದು.

ಕೊನೆಯದು ಹೊಸ ಹಾಡೇ, ಹಾಡಿದವರು ಮಾತ್ರ ಹಳಬರು. ಇಂಗ್ಲೆಂಡಿನ ದಿ ಕ್ಯೂರ್ ತಂಡ 16 ವರ್ಷಗಳ ನಂತರ, 2024ರ ನವೆಂಬರ್‌ನಲ್ಲಿ, ಹೊಸ ಹಾಡುಗಳ ಆಲ್ಬಮ್ ತಂದಿತು. ಅದರ ಮೊದಲ ಹಾಡು ‘ಅಲೋನ್’. ಮೂರು ನಿಮಿಷ ದಾಟಿದರೂ ಗಾಯಕ ರಾಬರ್ಟ್ ಸ್ಮಿತ್ ಬಾಯಿಯೇ ಬಿಡುವುದಿಲ್ಲ. ಬರೀ ವಾದ್ಯ, ನಿಧಾನದ ಡ್ರಮ್. ಹಾಡು ಇನ್ನೂ ಶುರುವಾಗಲಿಲ್ಲವಲ್ಲ ಎಂದು ದಯವಿಟ್ಟು ಮುಂದಕ್ಕೆ ಓಡಿಸಬೇಡಿ, ಆಗಲೇ ಅರ್ಧ ಹಾಡು ಆಗಿಹೋಗಿರುತ್ತದೆ. ಆಮೇಲೆ ಆ ದನಿ ಬಂದಾಗ, ಆಲ್ಬಮ್ ಹೊರಬಂದಾಗ ಅವರಿಗೆ 65 ವರ್ಷ ಅಂದರೆ ನೀವು ನಂಬುವುದು ಕಷ್ಟ.

ನಮಸ್ಕಾರ.