ಗೂಸ್ ಬಾರ್ ಮನೆಯ ಜಮಾಖರ್ಚು

ಕೇಳುಗರಿಗೆ ನಮಸ್ಕಾರ. ನಾನು ಪಶುವೈದ್ಯ. ಸಾಹಿತ್ಯದ ಕಾರ್ಯಕ್ರಮಕ್ಕೆ ದನದ ಡಾಕ್ಟರನ್ನು ಯಾಕೆ ಕರೆದರೋ ಅಂದುಕೊಂಡೆ. ಪುಸ್ತಕ ‘ಮೈ ಫ್ರೆಂಡ್ ಫ್ಲಿಕಾ’ ಅಂದಮೇಲೆ ಓಡಿ ಬಂದೆ. 1941ರಲ್ಲಿ ಬಂದ ಕಾದಂಬರಿ. ಬರೆದವರು ಮೇರಿ ಓಹಾರಾ. ಹುಡುಗ ಮತ್ತು ಕುದುರೆಯ ಕಥೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ಇದು ಕೈ ಬಿಗಿಯಾದ ಒಂದು ಮನೆಯ ಜಮಾಖರ್ಚಿನ ಕಥೆ.

ಅಮೆರಿಕದ ವಯೋಮಿಂಗ್ ರಾಜ್ಯ. ಅಲ್ಲಿ ಗೂಸ್ ಬಾರ್ ಎಂಬ ರಾಂಚು. ರಾಂಚು ಅಂದರೆ ಮನೆ, ಲಾಯ, ಮೈಲಿಗಟ್ಟಲೆ ಹುಲ್ಲುಗಾವಲು ಎಲ್ಲ ಸೇರಿ. ಯಜಮಾನ ರಾಬ್, ಸೈನ್ಯ ಬಿಟ್ಟು ಬಂದ ಅಧಿಕಾರಿ. ಒಳ್ಳೆಯ ತಳಿಯ ಕುದುರೆ ಸಾಕಿ ಮಾರುತ್ತೇನೆ ಅಂತ ಹೊರಟವನು. ಹೊರಟದ್ದಾದರೂ ಯಾವಾಗ? ಮೋಟಾರು ಬಂದು ಕುದುರೆ ಕೇಳುವವರೇ ಕಡಿಮೆಯಾಗುತ್ತಿದ್ದಾಗ! ಹೆಂಡತಿ ನೆಲ್. ಇಬ್ಬರು ಗಂಡುಮಕ್ಕಳು, ಹೊವರ್ಡ್ ಮತ್ತು ಕೆನ್.

ಕೆನ್‌ಗೆ ಹತ್ತು ವರ್ಷ. ಪರೀಕ್ಷೆಯಲ್ಲಿ ಪ್ರಬಂಧ ಬರೆಯೋ ಅಂದರೆ ಕಿಟಕಿಯಾಚೆ ನೋಡುತ್ತಾ ಕೂತು ಸೊನ್ನೆ ತಂದವನು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು ಅಂದಾಗ ಅಪ್ಪನಿಗೆ ಎಷ್ಟು ಉರಿದಿರಬೇಡ! ನೆಲ್ ಮಾತ್ರ ಬೇರೆ ದಾರಿ ಹೇಳುತ್ತಾಳೆ. ಅವನಿಗೊಂದು ಮರಿ ಕೊಡಿ, ಜವಾಬ್ದಾರಿ ಬರುತ್ತದೆ ಅಂತ. ಅಷ್ಟು ಮರಿಗಳಲ್ಲಿ ಹುಡುಗ ಆರಿಸಿದ್ದು ಯಾವುದನ್ನು? ಯಾರ ಕೈಗೂ ಬಗ್ಗದ ರಾಕೆಟ್ ಎಂಬ ಕುದುರೆಯ ಹೆಣ್ಣುಮರಿಯನ್ನು. ಹುಚ್ಚು ಹಿಡಿದ ವಂಶ ಅಂತ ಅಪ್ಪ ಗೊಣಗುತ್ತಾನೆ. ಆಳು ಗಸ್ ಸ್ವೀಡನ್ ಕಡೆಯವನು. ಮರಿಗಿಟ್ಟ ಹೆಸರು ಫ್ಲಿಕಾ, ಅಂದರೆ ಅವನ ಭಾಷೆಯಲ್ಲಿ ಪುಟ್ಟ ಹುಡುಗಿ.

ಆ ಪುಟ್ಟ ಹುಡುಗಿ ಓಡಿಹೋಗಲು ಮುಳ್ಳುತಂತಿಗೆ ಹಾರಿತು. ಮುಳ್ಳುತಂತಿಯ ಗಾಯ ಕಂಡವರಿಗೆ ಗೊತ್ತು, ಮೇಲೆ ಗೀರು, ಒಳಗೆ ಕೀವು. ನೆಲ್ ಪಟ್ಟು ಹಾಕುತ್ತಾಳೆ, ಹುಡುಗ ಓಟ್ಸ್ ತಿನ್ನಿಸುತ್ತಾನೆ. ನಂಜೇರಿ ಮರಿ ಎಲುಬಿನ ಹಂದರವಾಯಿತು. ಗುಂಡು ಹಾಕಿಬಿಡು ಅಂತ ರಾಬ್ ಗಸ್‌ಗೆ ಹೇಳುತ್ತಾನೆ. ಅವನನ್ನು ಕಟುಕ ಅನ್ನಬೇಡಿ. ನರಳುವ ಪ್ರಾಣಿಯ ಮುಂದೆ ನಾನೂ ಎಷ್ಟೋ ಸಲ ಅದೇ ಮಾತು ಹೇಳಿದ್ದೇನೆ.

ಆ ರಾತ್ರಿ ಹುಡುಗ ಮೆಲ್ಲಗೆ ಮನೆಯಿಂದ ಹೊರಬೀಳುತ್ತಾನೆ. ಮರಿ ತೊರೆಯಲ್ಲಿ ಬಿದ್ದಿದೆ. ನೀರಿಗಿಳಿದು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನವರೆಗೂ ಕೂತುಬಿಡುತ್ತಾನೆ. ಗುಂಡು ಹೊಡೆಯಲು ಬಂದ ಗಸ್ ಕಂಡದ್ದು ಕೊರೆಯುವ ನೀರಿನಲ್ಲಿ ಸೆಟೆದ ಹುಡುಗನನ್ನು. ಹುಡುಗನಿಗೆ ನ್ಯುಮೋನಿಯಾ. ಪೆನ್ಸಿಲಿನ್ ಇನ್ನೂ ಪೇಟೆಗೆ ಬರದ ಕಾಲ ಅದು! ಮರಿ ಏನಾಯಿತು? ಹರಿಯುವ ತಣ್ಣೀರು ಗಾಯ ತೊಳೆದು ಜ್ವರ ಇಳಿಸಿತು. ಪವಾಡವೇನಲ್ಲ. ಗಾಯಕ್ಕೆ ನೀರು ಹರಿಸಿ ಅಂತ ನಾನು ಹೇಳಿ ಹೇಳಿ ಸಾಕಾಗಿದೆ, ಜನ ಅರಿಶಿನವನ್ನೇ ಮೆತ್ತುತ್ತಾರೆ.

ಅಯ್ಯೋ, ಹೊತ್ತು ಇದರಲ್ಲೇ ಕಳೆಯಿತು. ಲೇಖಕಿಯ ಬಗ್ಗೆ ಎರಡೇ ಮಾತು. ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆಯುತ್ತಿದ್ದವರು 1930ರ ಹೊತ್ತಿಗೆ ಗಂಡನ ಜೊತೆ ವಯೋಮಿಂಗ್‌ಗೆ ಬಂದರು. ಕುರಿ ಸಾಕಿ ಕೈಸುಟ್ಟುಕೊಂಡರು, ಹಾಲು ಮಾರಿದರು. ಅವರ ರಾಂಚಿನ ಹೆಸರೇ ರಿಮೌಂಟ್. ಸೈನ್ಯಕ್ಕೆ ಹೊಸ ಕುದುರೆ ಒದಗಿಸುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತು ಅದು. ಕಾಸಿನ ಚಿಂತೆ ಉಂಡವರು ಬರೆದದ್ದರಿಂದಲೇ ನಾನು ಜಮಾಖರ್ಚಿನ ಕಥೆ ಅನ್ನುವುದು. ಸಿನಿಮಾ 1943ರಲ್ಲಿ ಬಂತು, ಅದಿರಲಿ ಬಿಡಿ.

ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ. ಒಂದೇ ನಿಮಿಷ. ಮುಂದಿನ ಭಾಗ ‘ಥಂಡರ್‌ಹೆಡ್’. ಅದರಲ್ಲಿ ಫ್ಲಿಕಾಗೆ ಬಿಳಿಯ ಗಂಡುಮರಿ ಹುಟ್ಟುತ್ತದೆ. ಕೆನ್‌ನ ಕನಸೇನು ಗೊತ್ತೇ? ಅದು ರೇಸಿನಲ್ಲಿ ಗೆದ್ದು ಮನೆಗೆ ದುಡ್ಡು ತರಬೇಕು. ನೋಡಿದಿರಾ, ಮತ್ತೆ ಲೆಕ್ಕವೇ! ನಮಸ್ಕಾರ.