ಆ ದಿನ ಕಾರ್ಡು ಬಿಪಿಎಲ್ ಆಗಿತ್ತು ಅನ್ನೋಕೆ ಕಾಗದ ಎಲ್ಲಿದೆ?

ನಮಸ್ಕಾರ. ಇವತ್ತು ಒಂದೇ ಒಂದು ಕಾಗದದ ಬಗ್ಗೆ ಮಾತಾಡಬೇಕು ಅಂತ ಕೂತಿದ್ದೇನೆ. ರೇಷನ್ ಕಾರ್ಡು ಮಂಜೂರಾದಾಗ ಮನೆಗೆ ಬರಬೇಕಾದ ಪತ್ರ. ನಿಮ್ಮ ಮನೆಯಲ್ಲಿ ಇದೆಯಾ? ಕಾರ್ಡು ಇರುತ್ತದೆ. ನಾನು ಕೇಳುತ್ತಿರುವುದು ಪತ್ರ. "ನಿಮ್ಮ ಅರ್ಜಿ ಇಂಥ ದಿನ ಮಂಜೂರಾಗಿದೆ, ಇಂಥ ತಿಂಗಳಿಂದ ಇಷ್ಟು ಧಾನ್ಯ ಸಿಗುತ್ತದೆ" ಅಂತ ತಾರೀಖು ಹಾಕಿ, ಸಹಿ ಮಾಡಿ ಕೊಟ್ಟ ಪತ್ರ.

ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಅವರ ಯಜಮಾನರಿಗೆ ಹೊಟ್ಟೆನೋವು ಜಾಸ್ತಿಯಾಗಿ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದರು. ಕೌಂಟರ್‌ನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿದರೆ ಎಪಿಎಲ್ ಅಂತ ಬಂತು. ಅಕ್ಕನಿಗೆ ನಂಬಲಿಕ್ಕೇ ಆಗಲಿಲ್ಲ. ಎಷ್ಟೋ ವರ್ಷದಿಂದ ಅವರದು ಬಿಪಿಎಲ್ ಕಾರ್ಡು. ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ಯಾರೂ ಹೇಳಿರಲಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರ್ಕಾರದ್ದು. ಉಳಿದ 70 ಮನೆಯವರೇ ಹೊಂದಿಸಬೇಕು. ಅಕ್ಕ ಕಿವಿಯ ಓಲೆ ಅಡ ಇಟ್ಟರು.

ಸ್ವಲ್ಪ ದಿನ ಆದಮೇಲೆ ಕಾರ್ಡು ಸರಿಹೋಯಿತು. ಮತ್ತೆ ಬಿಪಿಎಲ್. ಕಟ್ಟಿದ ದುಡ್ಡಿನ ಬಗ್ಗೆ ಕೇಳಲು ಹೋದರೆ ಅಲ್ಲಿ ಹೇಳಿದ್ದು ಇಷ್ಟು: "ಇವತ್ತು ಬಿಪಿಎಲ್ ಇದೆ, ಕಾಣುತ್ತಿದೆ. ಅಡ್ಮಿಟ್ ಆದ ದಿನ ತಪ್ಪಾಗಿ ಬದಲಾಗಿತ್ತು ಅನ್ನೋದಕ್ಕೆ ಲೆಟರ್ ತನ್ನಿ."

ಅಕ್ಕ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಇದ್ರಲ್ಲಿ ಯಾವ್ದು ಲೆಟರು ನೋಡು ತಮ್ಮಾ" ಅಂದರು. ಲ್ಯಾಮಿನೇಷನ್ ಮಾಡಿಸಿದ ಕಾರ್ಡು, ಆಧಾರ್ ಜೆರಾಕ್ಸ್, ಗ್ಯಾಸ್ ಬುಕ್ಕು, ಮಕ್ಕಳ ಟಿಸಿ, ಎಲ್ಲ ಇತ್ತು. ಅವರು ಒಂದು ಕಾಗದವನ್ನೂ ಕಳೆದಿರಲಿಲ್ಲ. ಅವರಿಗೆ ಯಾರೂ ಲೆಟರ್ ಕೊಟ್ಟೇ ಇರಲಿಲ್ಲ, ಅಷ್ಟೇ.

ನನ್ನ ಮಾತು ಇಲ್ಲೇ ಇದೆ. ಬಡವರಿಗೆ "ಹಳೇ ಮಂಜೂರಾತಿ ತನ್ನಿ" ಅಂತ ಕೇಳುವ ಹಕ್ಕು ಯಾರಿಗಾದರೂ ಇರಬೇಕಾದರೆ, ಮೊದಲು ಆ ಮಂಜೂರಾತಿಯನ್ನು ಬರವಣಿಗೆಯಲ್ಲಿ ಕೊಟ್ಟಿರಬೇಕು. ಆಮೇಲೆ ಯಾವಾಗ ಬೇಕಾದರೂ ಮತ್ತೆ ತೆಗೆದುಕೊಳ್ಳುವ ಹಾಗಿರಬೇಕು. ಕಾರ್ಡಿನ ಪ್ರತಿ ಬದಲಾವಣೆಗೂ ಒಂದು ತಾರೀಖು, ಒಂದು ಕಾರಣ, ಒಂದು ಪತ್ರ. ಇದು ಉಪಕಾರ ಅಲ್ಲ.

ಯಾಕೆ ಅಲ್ಲ ಅಂದರೆ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದಮೇಲೆ ರೇಷನ್ ಅನ್ನೋದು ಕಾನೂನಿನ ಹಕ್ಕು. ಬಿಪಿಎಲ್‌ನಲ್ಲಿ ತಲೆಗೆ ತಿಂಗಳಿಗೆ 5 ಕೆಜಿ. ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನನಗೆ ಬಹಳ ಇಷ್ಟವಾದದ್ದು. 18 ವರ್ಷ ದಾಟಿದ ಹೆಂಗಸರಲ್ಲಿ ಹಿರಿಯರು ಯಾರೋ ಅವರೇ ಕಾರ್ಡಿನ ಯಜಮಾನಿ. ಸುಮ್ನೆ ಒಂದು ಸಲ ಯೋಚಿಸಿ. ಬಾಡಿಗೆ ಕರಾರು ಗಂಡನ ಹೆಸರಲ್ಲಿ. ಗಾಡಿ ಗಂಡನ ಹೆಸರಲ್ಲಿ. ಕರೆಂಟ್ ಬಿಲ್ಲು ಓನರ್ ಹೆಸರಲ್ಲಿ. ಆ ಇಡೀ ಮನೆಯಲ್ಲಿ ಅಕ್ಕನನ್ನು "ಮನೆಯ ಯಜಮಾನಿ" ಅಂತ ಕರೆಯುವ ಕಾಗದ ಇದೊಂದೇ. ಆ ಕಾಗದದ ಮೇಲಿನ ಅಕ್ಷರ ಬದಲಾದಾಗ ಅವರಿಗೆ ತಿಳಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ, ಅದು ನನಗೆ ಇವತ್ತಿಗೂ ನೋವು.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. 2024ರ ನವೆಂಬರ್ ನೆನಪಿದೆ ಅಲ್ವಾ? ರಾಜ್ಯದಲ್ಲಿ ಎಷ್ಟೋ ಬಿಪಿಎಲ್ ಕಾರ್ಡುಗಳು ರದ್ದಾದವು, ಎಷ್ಟೋ ಎಪಿಎಲ್ ಆದವು. ಜನ ಬೀದಿಗೆ ಬಂದರು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡುತ್ತೇವೆ ಅಂತ ಸರ್ಕಾರವೇ ಹೇಳಿತು. ಕೊಟ್ಟದ್ದು ಒಳ್ಳೆಯದೇ. ಆದರೆ ನಡುವೆ ಹೋದ ದಿನಗಳ ಲೆಕ್ಕ? ಆ ದಿನಗಳಲ್ಲಿ ಆಸ್ಪತ್ರೆಗೆ ಸೇರಿದವರು, ಫೀಸ್ ರಿಯಾಯಿತಿಗೆ ಅರ್ಜಿ ಹಾಕಿದವರು ಏನು ತೋರಿಸಬೇಕು? ಕಾರ್ಡು ಇವತ್ತು ಏನಾಗಿದೆ ಅಂತ ನೋಡಿದರೆ ಆ ದಿನ ಏನಾಗಿತ್ತು ಅನ್ನೋದು ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಸ್ನ್ಯಾಪ್ ಅಂತ ಆಹಾರ ನೆರವಿನ ಯೋಜನೆ ಇದೆ. ಹಿಂದೆ ಅದನ್ನು ಫುಡ್ ಸ್ಟ್ಯಾಂಪ್ ಅನ್ನುತ್ತಿದ್ದರು. ಅಲ್ಲಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನದೊಳಗೆ ತೀರ್ಮಾನ ಆಗಬೇಕು. ಆ ತೀರ್ಮಾನ ಬರವಣಿಗೆಯಲ್ಲೇ ಬರಬೇಕು. ತಿಂಗಳಿಗೆ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹೇಗೆ, ಎಲ್ಲ ಅದರಲ್ಲಿರುತ್ತದೆ. ಅಲ್ಲಿಯೂ ಬಡವರಿಗೆ ಕಷ್ಟ ಬೇಕಾದಷ್ಟಿದೆ, ಅದು ಬೇರೆ ಮಾತು. ಆದರೆ ಆ ಪತ್ರ ಕಳೆದುಹೋದರೆ "ಹಳೇದು ಇನ್ನೊಂದು ಕೊಡಿ" ಅಂತ ಕೇಳಲು ಒಂದು ಪತ್ರವಾದರೂ ಇದೆ.

ನಮ್ಮಲ್ಲಿ ಏನು ಮಾಡಬಹುದು? ನಾನು ಅಕ್ಕನ ಜೊತೆ ಓಡಾಡಿ ಕಲಿತದ್ದು ಹೇಳುತ್ತೇನೆ.

ಮೊದಲು ಆಹಾರ ಇಲಾಖೆಯ ವೆಬ್‌ಸೈಟಿಗೆ ಹೋಗಿ. ಇ-ಸೇವೆಗಳಲ್ಲಿ ರದ್ದಾದ ಮತ್ತು ತಡೆಹಿಡಿದ ಕಾರ್ಡುಗಳ ಪಟ್ಟಿ ನೋಡುವ ಜಾಗ ಇದೆ. ಜಿಲ್ಲೆ, ತಿಂಗಳು, ವರ್ಷ ಆರಿಸಿ ನೋಡಬಹುದು. ನಿಮ್ಮ ನಂಬರ್ ಅಲ್ಲಿದ್ದರೆ ಆಗಲೇ ಪ್ರಿಂಟ್ ತೆಗೆದುಕೊಳ್ಳಿ.

ಎರಡನೆಯದು ಬ್ಯಾಂಕಿನ ಪಾಸ್‌ಬುಕ್. ಇದು ನಮಗೆ ಹೊಳೆಯಲೇ ಇಲ್ಲ, ಅಕ್ಕನ ಮಗಳು ಹೇಳಿದಳು. 2023ರ ಜುಲೈಯಿಂದ 2025ರ ಆರಂಭದವರೆಗೆ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ದುಡ್ಡು ಬರುತ್ತಿತ್ತು. ಕೆಜಿಗೆ 34 ರೂಪಾಯಿ, ತಲೆಗೆ 170. ಅದು ಕಾರ್ಡಿನ ಯಜಮಾನಿಯ ಖಾತೆಗೆ ಬರುತ್ತಿತ್ತು, ಎಪಿಎಲ್‌ನವರಿಗೆ ಇರಲಿಲ್ಲ. ಅಂದರೆ ಆ ತಿಂಗಳು ನಾಲ್ಕು ಜನರ ಮನೆಗೆ 680 ಜಮಾ ಆಗಿದ್ದರೆ, ನಿಮ್ಮನ್ನು ಬಿಪಿಎಲ್ ಅಂತ ಸರ್ಕಾರವೇ ಒಪ್ಪಿದ್ದಕ್ಕೆ ಅದೊಂದು ಗಟ್ಟಿ ಸಾಕ್ಷಿ. ಎಂಟ್ರಿ ಹಾಕಿಸಿ, ಗೆರೆ ಎಳೆದು ಇಟ್ಟುಕೊಳ್ಳಿ. ಗೃಹಲಕ್ಷ್ಮಿಯ 2000 ರೂಪಾಯಿ ಇದಕ್ಕೆ ಆಗುವುದಿಲ್ಲ, ಅದು ಎಪಿಎಲ್ ಮನೆಗಳಿಗೂ ಬರುತ್ತದೆ. ಸೊಸೈಟಿಯಲ್ಲಿ ತಂಬ್ ಕೊಟ್ಟಾಗ ಬಿಲ್ಲು ಕೊಟ್ಟರೆ ಅದರ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಬೇಗ ಅಳಿಸಿಹೋಗುತ್ತದೆ.

ಆಮೇಲೆ ಮುಖ್ಯವಾದದ್ದು, ಮಾಹಿತಿ ಹಕ್ಕು. 2005ರ ಕಾಯ್ದೆ. ಬೆಂಗಳೂರು ನಗರದ ಕಾರ್ಡಾದರೆ ನಿಮ್ಮ ವಲಯದ ಆಹಾರ ಕಚೇರಿಗೆ, ಊರಿನ ಕಾರ್ಡಾದರೆ ಆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ರೇಷನ್ ತೆಗೆದುಕೊಳ್ಳುತ್ತಿದ್ದರೂ ಕಾರ್ಡು ಎಲ್ಲಿಯದೋ ಅಲ್ಲಿಗೇ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಇಟ್ಟರೆ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಗೋಳು ಬರೆಯಬೇಡಿ. "ನನ್ನ ಕಾರ್ಡು ಮಂಜೂರಾದ ದಿನಾಂಕ, ಅಲ್ಲಿಂದ ಇಲ್ಲಿಯವರೆಗೆ ಅದರ ವರ್ಗ ಬದಲಾದ ಪ್ರತಿ ದಿನಾಂಕ, ಕಾರಣ, ಆದೇಶದ ಪ್ರತಿ ಕೊಡಿ" ಅಂತ ಕೇಳಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ.

ಯಾರಾದರೂ ಬಾಯಲ್ಲಿ "ಆಗಲ್ಲ, ನಾಳೆ ಬನ್ನಿ" ಅಂದರೆ ಹಿಂಬರಹ ಕೇಳಿ. "ಸರ್, ಆಗಲ್ಲ ಅನ್ನೋದನ್ನೇ ಬರೆದುಕೊಡಿ." ಅಕ್ಕ ಈ ಮಾತನ್ನು ಕೌಂಟರ್‌ನಲ್ಲಿ ಹೇಳಲು ಎರಡು ಸಲ ಹೆದರಿದರು. ಮೂರನೇ ಸಲ ಹೇಳಿದರು. ಆಗ ಅರ್ಜಿ ತೆಗೆದುಕೊಂಡರು. ಆದರೆ ಆ ಮೂರು ಓಡಾಟಕ್ಕೆ ಅವರ ಮೂರು ದಿನದ ಸಂಬಳ ಹೋಯಿತು.

ಇಷ್ಟೆಲ್ಲ ಓಡಾಟ ಒಬ್ಬ ಹೆಂಗಸಿನ ತಲೆಗೆ ಯಾಕೆ ಕಟ್ಟಬೇಕು? ಕಾರ್ಡು ಯಾವತ್ತು ಬದಲಾಯಿತು ಅನ್ನೋದು ಕಂಪ್ಯೂಟರ್‌ನಲ್ಲಿ ಇದ್ದೇ ಇದೆ. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಉತ್ತರ ಎಲ್ಲಿಂದ ಬರುತ್ತದೆ? ಅದನ್ನು ಕಾರ್ಡ್ ನಂಬರ್ ಹಾಕಿದ ಕೂಡಲೇ ಯಜಮಾನಿಗೆ ಕಾಣುವ ಹಾಗೆ ಮಾಡಿ. ಬೆಂಗಳೂರು ಒನ್‌ನಲ್ಲಿ ಪ್ರಿಂಟ್ ಸಿಗುವ ಹಾಗೆ ಮಾಡಿ. ಬದಲಾಯಿಸುವ ಮೊದಲು ಕನ್ನಡದಲ್ಲಿ ಒಂದು ಪತ್ರ ಕಳಿಸಿ. ನಿಜವಾಗಿಯೂ ಅರ್ಹತೆ ಇಲ್ಲದವರ ಕಾರ್ಡು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಹೇಳಿ ತೆಗೆಯಿರಿ, ಬರೆದುಕೊಟ್ಟು ತೆಗೆಯಿರಿ. ಅಕ್ಕಿ ತೂಗಿ ಕೊಡುವ ಸರ್ಕಾರಕ್ಕೆ ಒಂದು ಹಾಳೆ ಕೊಡುವುದು ಭಾರ ಅಲ್ಲ.

ಅಕ್ಕನಿಗೆ ಉತ್ತರ ಇಪ್ಪತ್ತಾರನೇ ದಿನ ಬಂತು. ಒಂದೇ ಪುಟ, ಕೆಳಗೆ ಸೀಲು. ಮಂಜೂರಾದ ದಿನ, ಎಪಿಎಲ್ ಆದ ದಿನ, ಮತ್ತೆ ಬಿಪಿಎಲ್ ಆದ ದಿನ, ಮೂರೂ ಇವೆ. ಕಾರಣದ ಜಾಗ ಖಾಲಿ ಇದೆ. ಅದಕ್ಕೆ ಮೇಲ್ಮನವಿ ಬರೆದಿದ್ದೇವೆ. ಸೋಮವಾರ ಅಕ್ಕ ಅರ್ಧ ದಿನ ರಜೆ ಕೇಳಿದ್ದಾರೆ. ಆ ಪುಟ ಹಿಡಿದುಕೊಂಡು ಇಬ್ಬರೂ ಆಸ್ಪತ್ರೆಗೆ ಹೋಗುತ್ತಿದ್ದೇವೆ.