ಪಕ್ಕದ ಸೈಟಿನ ಐದನೇ ಅಂತಸ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನದ ಸಾಲಗಾಮೆ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಬಡಾವಣೆಯಲ್ಲಿ ನನ್ನ ಮನೆ. ದಕ್ಷಿಣದ ಪಕ್ಕಕ್ಕೆ 60-80ರ ಖಾಲಿ ಸೈಟು. ಅಲ್ಲಿ ಕೆಳಗೆ ಗಾಡಿ ನಿಲ್ಲಿಸಲು ಸ್ಟಿಲ್ಟ್, ಮೇಲೆ ಐದು ಅಂತಸ್ತು, ಒಟ್ಟು 20 ಮನೆ ಕಟ್ಟುತ್ತಾರಂತೆ. ಬೀದಿಯಲ್ಲೆಲ್ಲ ಈಗ ಇದೇ ಮಾತು.

ಬೇಡವೆಂಬ ಅರ್ಜಿಗೆ ಮೊದಲು ಸಹಿ ಹಾಕಿದವಳು ನಾನು. ನನ್ನ ಚಿಂತೆ ಬಿಸಿಲಿನದು. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಹದಿನೇಳೂವರೆ ಮೀಟರ್ ಎತ್ತರದ ಈ ಕಟ್ಟಡದ ನೆರಳು ಆಗ ಉತ್ತರಕ್ಕೆ 13 ಮೀಟರಿನಷ್ಟು ಚಾಚುತ್ತದೆ. ನನ್ನ ಅಂಗಳ, ತುಳಸಿಕಟ್ಟೆ, ಅಡುಗೆಮನೆಯ ಕಿಟಕಿ ಎಲ್ಲವೂ ಅದರೊಳಗೆ. ಹಾಸನದ ಚಳಿಗಾಲ ಕಂಡವರಿಗೆ ಆ ಬಿಸಿಲಿನ ಬೆಲೆ ಗೊತ್ತು.

ಕಳೆದ ಭಾನುವಾರ ಪಾರ್ಕಿನಲ್ಲಿ ಸಭೆ ಸೇರಿದ್ದೆವು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿ ಎದ್ದು ನಿಂತು, "ಆಂಟಿ, ಇಲ್ಲಿ ಮನೆಗಳೇ ಬೇಡ ಅಂದ್ರೆ ನಾವು ಎಲ್ಲಿರೋಣ?" ಎಂದಳು. ಯಾರಿಗೂ ಉತ್ತರ ಹೊಳೆಯಲಿಲ್ಲ. ಸಾಲಗಾಮೆ ರಸ್ತೆಯಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಊರಲ್ಲಿ ಹಿಮ್ಸ್ ಆಸ್ಪತ್ರೆಯಿದೆ. ಅಲ್ಲಿ ದುಡಿಯುವವರೆಲ್ಲ ಸೈಟು ಕೊಂಡು ಮನೆ ಕಟ್ಟಲಾದೀತೇ? ಸಣ್ಣ ಮನೆಗಳು ಬೇಕೇ ಬೇಕು. ನನ್ನ ತುಳಸಿಕಟ್ಟೆಯ ಬಿಸಿಲಿಗಾಗಿ 20 ಸಂಸಾರಗಳನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ.

ಆದರೆ ಐದನೇ ಅಂತಸ್ತನ್ನು ನಾನು ಒಪ್ಪುವುದಿಲ್ಲ. ಇದು ಬಿಸಿಲಿನ ಮಾತಲ್ಲ, ಬೆಂಕಿಯ ಮಾತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿಯ ಲೆಕ್ಕಕ್ಕೆ ಸೇರುತ್ತದೆ. ಅದರ ಮುಂದಿನ ರಸ್ತೆ ಕಡಿಮೆಯೆಂದರೂ 12 ಮೀಟರ್ ಇರಬೇಕು. ನಮ್ಮದು 30 ಅಡಿ ರಸ್ತೆ, ಅಂದರೆ 9 ಮೀಟರ್. ಎರಡೂ ಬದಿ ಕಾರು ನಿಂತ ರಾತ್ರಿಯಲ್ಲಿ ಅಗ್ನಿಶಾಮಕ ವಾಹನ ಒಳಗೆ ಬರುವುದು ಹೇಗೆ? ಏಣಿ ಚಾಚಿ ನಿಲ್ಲುವುದೆಲ್ಲಿ? ಒಂದು ಅಂತಸ್ತು ಇಳಿಸಿದರೆ ಕಟ್ಟಡ ಹದಿನಾಲ್ಕೂವರೆ ಮೀಟರಿನೊಳಗೆ ನಿಲ್ಲುತ್ತದೆ, 16 ಮನೆಗಳೂ ಉಳಿಯುತ್ತವೆ.

ಇನ್ನು ನೀರು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಸರ್ಕಾರ ಹಾಕಿಕೊಂಡಿರುವ ಅಳತೆ. 16 ಮನೆ, ಮನೆಗೆ ನಾಲ್ಕು ಜನರೆಂದರೆ 8,640 ಲೀಟರ್. ಗೊರೂರಿನಲ್ಲಿ ಹೇಮಾವತಿ ತುಂಬಿದ್ದರೂ ನಮ್ಮ ನಲ್ಲಿಗೆ ದಿನಾ ನೀರು ಬರುವುದಿಲ್ಲ. ಬೋರ್‌ವೆಲ್ ಕೊರೆದು ಅಕ್ಕಪಕ್ಕದವರ ನೀರು ಸೆಳೆಯುವ ಬದಲು ತಾರಸಿಯ ಮಳೆಯನ್ನು ನೆಲದಡಿಯ ಸಂಪಿನೊಳಕ್ಕೆ ಇಳಿಸಲಿ. 250 ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್. ಮುಂಗಾರು ನಮಗೆ ಅಷ್ಟು ಧಾರಾಳವಾಗಿ ಕೊಡುತ್ತದೆ. ಒಳಚರಂಡಿ ಪೈಪಿನ ಅಳತೆಯನ್ನೂ ಪಾಯ ತೆಗೆಯುವ ಮೊದಲೇ ನೋಡಬೇಕು. ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಳೆಯ ಅರ್ಜಿಯನ್ನು ಹಿಂತೆಗೆದುಕೊಂಡು ಹೊಸದು ಬರೆದಿದ್ದೇವೆ. "ಕಟ್ಟಡ ಬೇಡ" ಎಂದಿದ್ದ ಕಡೆ ಈಗ "ನಾಲ್ಕು ಅಂತಸ್ತು ಸಾಕು, ಮಳೆನೀರಿನ ಸಂಪು ಬೇಕು" ಎಂದಿದೆ. ಮೊನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದ ಆ ನರ್ಸ್ ಹುಡುಗಿ ಗೇಟಿನ ಹತ್ತಿರವೇ ನಿಂತು ಪೂರ್ತಿ ಓದಿದಳು. ನನ್ನ ಹೆಸರಿನ ಕೆಳಗೆ ಅವಳೂ ಸಹಿ ಮಾಡಿದ್ದಾಳೆ.

ನಮಸ್ಕಾರ.